ಹಳ್ಳದ ನೀರಿಗೆ ಯಾವ ಫಿಲ್ಟರ್? ಮೊದಲು ಹಳ್ಳ ನೋಡಿ

ಪ್ರಶ್ನೆ: ನಾವು ದಾವಣಗೆರೆಯ ಐದು ಜನ ಸ್ನೇಹಿತರು. ಡಿಸೆಂಬರ್‌ನಲ್ಲಿ ಕುಮಾರಪರ್ವತ ಹತ್ತುವ ಯೋಚನೆ ಇದೆ. ಮುಂದಿನ ಆಗಸ್ಟ್‌ನಲ್ಲಿ ಹಿಮಾಚಲದ ಹಂಪ್ತಾ ಪಾಸ್. ಬ್ಯಾಗಿನಲ್ಲಿ ಒಯ್ಯುವಂಥ ವಾಟರ್ ಫಿಲ್ಟರ್ ತಗೊಳ್ಳೋಣ ಅಂತ ನೋಡಿದರೆ ಸ್ಟ್ರಾ, ಹಿಂಡುವ ಫಿಲ್ಟರ್, ಯುವಿ ಪೆನ್, ಕ್ಲೋರಿನ್ ಮಾತ್ರೆ ಅಂತ ಹತ್ತಾರು ಬಗೆ. ಎಲ್ಲದರ ಮೇಲೂ 99.99% ಅಂತಲೇ ಬರೆದಿದೆ. ಮನೆಯಲ್ಲಿ ಟಿಡಿಎಸ್ ಮೀಟರ್ ಇದೆ, ಅದನ್ನೂ ಒಯ್ಯಬೇಕಾ? ನಮ್ಮಲ್ಲಿ ಒಬ್ಬಳಿಗೆ ಥೈರಾಯ್ಡ್ ಮಾತ್ರೆ ನಡೀತಿದೆ. ನಮ್ಮಜ್ಜಿ ಮಾತ್ರ "ಹರಿಯೋ ನೀರಿಗೆ ದೋಷ ಇಲ್ಲ, ಸುಮ್ನೆ ದುಡ್ಡು ಹಾಳು" ಅಂತಾರೆ. ಏನು ಮಾಡಲಿ, ಸರ್?

ಉತ್ತರ: ಮೊದಲು ನೇರ ಉತ್ತರ ಕೊಡುತ್ತೇನೆ. ಐದು ಜನಕ್ಕೆ 0.1 ಮೈಕ್ರಾನಿನ ಹಿಂಡುವ ಫಿಲ್ಟರ್ ಎರಡು, ಕ್ಲೋರಿನ್ ಮಾತ್ರೆಯ ಎರಡು ಮೂರು ಪಟ್ಟಿ, ನೀರು ಕುದಿಸಲು ಒಂದು ಸ್ಟೀಲ್ ಪಾತ್ರೆ, ಸೋಸಲು ಒಂದು ಹಳೆಯ ಹತ್ತಿ ಬಟ್ಟೆ. ನಿಮ್ಮ ಎರಡೂ ಚಾರಣಕ್ಕೆ ಇಷ್ಟು ಸಾಕು. ಆದರೆ ಈ ಪಟ್ಟಿ ನೋಡಿ ಆರ್ಡರ್ ಮಾಡಿ ಮುಗಿಸಬೇಡಿ. ಯಾವ ನೀರಿಗೆ ಯಾವುದನ್ನು ಬಳಸಬೇಕು ಅಂತ ಗೊತ್ತಿಲ್ಲದಿದ್ದರೆ ಇವೆಲ್ಲ ಬ್ಯಾಗಿನಲ್ಲಿ ಇದ್ದೂ ಹೊಟ್ಟೆ ಕೆಡುತ್ತದೆ. ನಾನು ನೀರು ಪರೀಕ್ಷೆಯ ಲ್ಯಾಬ್‌ನಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ರಜೆ ಸಿಕ್ಕಾಗಲೆಲ್ಲ ಬೆಟ್ಟ ಹತ್ತಿದವನು. ಹಾಗಾಗಿ ಎರಡೂ ಕಡೆಯ ಅನುಭವದಿಂದ ಹೇಳುತ್ತೇನೆ.

ಅಜ್ಜಿಯ ಮಾತಿನಿಂದಲೇ ಶುರು ಮಾಡೋಣ. ಅವರ ಮಾತಿನಲ್ಲಿ ಸತ್ಯ ಇದೆ. ಪಾಚಿಗಟ್ಟಿ ನಿಂತ ಗುಂಡಿಯ ನೀರಿಗಿಂತ ಕಲ್ಲಿನ ಮೇಲೆ ಹಾರಿ ಬರುವ ನೀರು ಯಾವತ್ತೂ ಮೇಲು. ಆದರೆ ಹರಿಯುವ ನೀರು ಮೇಲಿನಿಂದ ಏನೇನು ಸಿಕ್ಕಿತೋ ಎಲ್ಲವನ್ನೂ ಹೊತ್ತು ತರುತ್ತದೆ. ಅಜ್ಜಿಯ ಕಾಲದಲ್ಲಿ ಆ ಹಳ್ಳದ ಮೇಲ್ಗಡೆ ಯಾರಿದ್ದಾರೆ, ಎಷ್ಟು ದನ ಮೇಯುತ್ತವೆ ಅಂತ ಊರಿಗೆಲ್ಲ ಗೊತ್ತಿತ್ತು. ಈಗ ರಜೆಯ ದಿನ ಬೆಟ್ಟಕ್ಕೆ ನೂರಾರು ಜನ ಬರುತ್ತಾರೆ. ಅವರಲ್ಲಿ ಹಲವರು ಬೆಳಗ್ಗೆ ಎದ್ದು ಹೋಗುವುದು ಅದೇ ಹಳ್ಳದ ಪಕ್ಕಕ್ಕೆ. ಹಂಪ್ತಾ ದಾರಿಯಲ್ಲಂತೂ ಬೇಸಿಗೆ, ಮಳೆಗಾಲ ಪೂರ್ತಿ ಗದ್ದಿ ಕುರಿಗಾಹಿಗಳ ಮಂದೆಗಳು ಮೇಲಿನ ಹುಲ್ಲುಗಾವಲಿನಲ್ಲೇ ಇರುತ್ತವೆ. ಟೆಂಟು, ದಿನಸಿ ಹೊರುವ ಹೇಸರಗತ್ತೆಗಳು ತೊರೆ ದಾಟಿಕೊಂಡೇ ಹೋಗುತ್ತವೆ. ಕನ್ನಡಿಯಂಥ ನೀರು, ಹಿಮದಷ್ಟು ತಣ್ಣಗೆ. ಕಣ್ಣಿಗೆ ಏನೂ ಕಾಣುವುದಿಲ್ಲ.

ಟಿಡಿಎಸ್ ಮೀಟರನ್ನು ಮನೆಯಲ್ಲೇ ಬಿಡಿ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ, ಯಾಕೆಂದರೆ ಆ ಪುಟ್ಟ ಮೀಟರಿನಿಂದ ತುಂಬಾ ಜನ ತಪ್ಪು ದಾರಿ ಹಿಡಿಯುತ್ತಿದ್ದಾರೆ. ನೀರಿನಲ್ಲಿ ಕರಗಿದ ಉಪ್ಪು, ಸುಣ್ಣ, ಖನಿಜ ಎಷ್ಟಿದೆ ಅಂತ ಅದು ವಿದ್ಯುತ್ ಹರಿಸಿ ಅಂದಾಜು ಮಾಡುತ್ತದೆ, ಅಷ್ಟೇ. ದಾವಣಗೆರೆಯ ಬೋರ್‌ವೆಲ್ ಗಡಸು ನೀರಿಗೆ ಅದರಿಂದ ಉಪಯೋಗ ಇದೆ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಮಲೆನಾಡಿನ ತೊರೆಗೆ ಮೀಟರ್ ಅದ್ದಿದರೆ ನೂರನ್ನೂ ಮುಟ್ಟದ ಅಂಕಿ ಬರುವುದು ಮಾಮೂಲು. ಆ ನೀರಿಗೆ ಒಂದು ಚಮಚ ಕೊಳಚೆ ಬೆರೆಸಿ, ಅಂಕಿ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಆದರೆ ಆ ಚಮಚದಲ್ಲಿ ಲಕ್ಷಾಂತರ ರೋಗಾಣು ಇರಬಹುದು. ಜೀವ ಇರುವ ಯಾವುದನ್ನೂ ಆ ಮೀಟರ್ ಎಣಿಸುವುದಿಲ್ಲ.

ಹಾಗಾದರೆ ನಾವು ಏನನ್ನು ತಡೆಯಬೇಕು? ಮೂರು ಗಾತ್ರದ ರೋಗಾಣುಗಳಿವೆ. ದೊಡ್ಡವು ಜಿಯಾರ್ಡಿಯಾ, ಕ್ರಿಪ್ಟೊಸ್ಪೊರಿಡಿಯಂ ಎಂಬ ಏಕಕೋಶ ಜೀವಿಗಳು. ಮಧ್ಯದವು ಬ್ಯಾಕ್ಟೀರಿಯಾ: ಟೈಫಾಯ್ಡ್, ಕಾಲರಾ, ಆಮಶಂಕೆ ತರುವವು, ಮತ್ತು ಇ ಕೋಲಿಯ ಕೆಲವು ಬಗೆಗಳು. ಚಿಕ್ಕವು ವೈರಸ್‌ಗಳು: ಕಾಮಾಲೆ ತರುವ ಹೆಪಟೈಟಿಸ್ ಎ ಮತ್ತು ಇ, ವಾಂತಿಭೇದಿಯ ರೋಟಾ, ನೋರೋ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಜಿಯಾರ್ಡಿಯಾ ಸುಮಾರು 10 ಮೈಕ್ರಾನ್, ಬ್ಯಾಕ್ಟೀರಿಯಾ ಹತ್ತಿರಹತ್ತಿರ 1, ಕಾಮಾಲೆಯ ವೈರಸ್ ಸುಮಾರು 0.03.

ಈ ಅಂಕಿಗಳು ತಲೆಯಲ್ಲಿ ನಿಲ್ಲುವುದಿಲ್ಲ ಅಲ್ವಾ? ಹೀಗೆ ನೋಡಿ. ಜಿಯಾರ್ಡಿಯಾ ಒಂದು ಕುಂಬಳಕಾಯಿ ಆದರೆ ಬ್ಯಾಕ್ಟೀರಿಯಾ ಒಂದು ಪುಟ್ಟ ನಿಂಬೆಹಣ್ಣು, ವೈರಸ್ ಒಂದು ರಾಗಿಕಾಳು. ಈ ಲೆಕ್ಕದಲ್ಲಿ 0.1 ಮೈಕ್ರಾನಿನ ಫಿಲ್ಟರ್ ಅಂದರೆ 3 ಮಿಲಿಮೀಟರ್ ತೂತಿನ ಜರಡಿ. ಕುಂಬಳಕಾಯಿ ನಿಲ್ಲುತ್ತದೆ, ನಿಂಬೆಹಣ್ಣು ನಿಲ್ಲುತ್ತದೆ. ರಾಗಿ ಉದುರಿಹೋಗುತ್ತದೆ.

ನೀವು ನೋಡಿದ ಸ್ಟ್ರಾ ಮತ್ತು ಹಿಂಡುವ ಫಿಲ್ಟರ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲದರ ಕಥೆಯೂ ಇಷ್ಟೇ. ಅವು ವೈರಸ್ ತಡೆಯುವುದಿಲ್ಲ. ಅಮೆರಿಕದ ಚಾರಣಿಗರು ಬರೆದ ವಿಮರ್ಶೆ ಓದಿದರೆ "ಇದೊಂದೇ ಸಾಕು" ಅಂತ ಇರುತ್ತದೆ. ಅವರ ಕಾಡಿಗೆ ಆ ಮಾತು ಬಹುಮಟ್ಟಿಗೆ ಸರಿ. ಮೈಲುಗಟ್ಟಲೆ ಮನೆಯೇ ಇಲ್ಲದ ಕಡೆ ಅವರ ಭಯ ಮುಖ್ಯವಾಗಿ ಜಿಯಾರ್ಡಿಯಾದ್ದು. ಮನುಷ್ಯರಿಗೆ ಹೊಟ್ಟೆ ಕೆಡಿಸುವ ವೈರಸ್‌ಗಳು ಹೆಚ್ಚಾಗಿ ಮನುಷ್ಯರ ಮಲದಿಂದಲೇ ಬರುತ್ತವೆ. ಮೇಲೆ ಜನ ಇಲ್ಲದಿದ್ದರೆ ಆ ಭಯ ಕಡಿಮೆ. ನಮ್ಮ ದೇಶದಲ್ಲಿ ಎಷ್ಟೇ ಮೇಲೆ ಹೋದರೂ ಅದಕ್ಕಿಂತ ಮೇಲೊಂದು ಹಳ್ಳಿ, ಒಂದು ಕುರಿಹಟ್ಟಿ, ಒಂದು ಕ್ಯಾಂಪ್ ಇರುತ್ತದೆ. 1955-56ರಲ್ಲಿ ದೆಹಲಿಯಲ್ಲಿ ಯಮುನೆಯ ನೀರಿಗೆ ಕೊಳಚೆ ಸೇರಿ, ಅದು ನಲ್ಲಿಗೂ ಬಂದು, ಸುಮಾರು 29 ಸಾವಿರ ಜನಕ್ಕೆ ಕಾಮಾಲೆ ಆಯಿತು. ಅದು ಹೆಪಟೈಟಿಸ್ ಇ ಅಂತ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ನಗರದ ಶುದ್ಧೀಕರಣ ಘಟಕವನ್ನೇ ದಾಟಿ ಬಂದ ವೈರಸ್ ಅದು. ಹಾಗಾಗಿ ನಮ್ಮ ನೆಲದಲ್ಲಿ ಚಾರಣ ಮಾಡುವವರು ರಾಗಿಕಾಳನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು.

ಮಲೆನಾಡಿಗೆ ಇನ್ನೊಂದು ವಿಷಯ ಇದೆ. ಇಲಿಜ್ವರದ ಬ್ಯಾಕ್ಟೀರಿಯಾ ಲೆಪ್ಟೊಸ್ಪೈರಾ ಉದ್ದಕ್ಕೆ ಸುರುಳಿ ಸುತ್ತಿದ ನೂಲಿನ ಹಾಗಿರುತ್ತದೆ. ದಪ್ಪ 0.1 ಮೈಕ್ರಾನ್ ಮಾತ್ರ. ಇದು 0.2 ಮೈಕ್ರಾನಿನ ಜರಡಿಯಲ್ಲೂ ನುಸುಳಬಲ್ಲದು ಅಂತ ಲ್ಯಾಬ್‌ನವರಿಗೆಲ್ಲ ಗೊತ್ತು. ಈ ಜ್ವರ ಹೆಚ್ಚಾಗಿ ಬರುವುದು ಕಾಲಿನ ಗಾಯ, ಕಣ್ಣು, ಮೂಗಿನ ಮೂಲಕ. ಆದ್ದರಿಂದ ಗಾಯ ಇದ್ದರೆ ಹಳ್ಳಕ್ಕೆ ಇಳಿಯುವ ಮುಂಚೆ ಚೆನ್ನಾಗಿ ಮುಚ್ಚಿ. ಉಂಬಳ ಕಚ್ಚಿದ ಜಾಗವೂ ಗಾಯವೇ. ಕುಡಿಯುವ ನೀರಿನ ಮಟ್ಟಿಗೆ ಮಾತ್ರೆ ಅಥವಾ ಕುದಿತಕ್ಕೆ ಈ ಸೂಕ್ಷ್ಮಾಣು ಸುಲಭವಾಗಿ ಸಾಯುತ್ತದೆ.

ಈಗ ಫಿಲ್ಟರ್ ವಿಷಯ. ಹಿಂಡುವ ಫಿಲ್ಟರಿನೊಳಗೆ ಟೊಳ್ಳು ಎಳೆಗಳ ಒಂದು ಕಟ್ಟು ಇರುತ್ತದೆ, ಶಾವಿಗೆ ಕಟ್ಟಿನ ಹಾಗೆ. ಪ್ರತಿ ಎಳೆಯ ಗೋಡೆಯಲ್ಲೂ ಕಣ್ಣಿಗೆ ಕಾಣದ ತೂತುಗಳು. ಚೀಲದಲ್ಲಿ ನೀರು ತುಂಬಿ, ಬಾಯಿಗೆ ಫಿಲ್ಟರ್ ತಿರುಗಿಸಿ ಹಿಂಡಿದರೆ ನೀರು ಆ ಗೋಡೆಯ ಮೂಲಕ ಹಾದು ಬರುತ್ತದೆ. ಸಾಯರ್ ಸ್ಕ್ವೀಜ್, ಕ್ಯಾಟಡಿನ್ ಬಿಫ್ರೀ ಇವೆಲ್ಲ ಈ ಜಾತಿಯವು. ಎರಡೂ 0.1 ಮೈಕ್ರಾನ್, ಎರಡೂ ನೂರು ಗ್ರಾಂ ಒಳಗೆ. ಬ್ಯಾಗಿನಲ್ಲಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ನನ್ನ ಆಯ್ಕೆ ಹಿಂದಕ್ಕೆ ನೀರು ಹಾಯಿಸಿ ತೊಳೆಯಲು ಬರುವಂಥದ್ದು. ಸಾಯರ್ ಜೊತೆ ಅದಕ್ಕೆ ಸಿರಿಂಜ್ ಕೊಡುತ್ತಾರೆ. ಬಿಫ್ರೀಯನ್ನು ನೀರಿನಲ್ಲಿ ಅಲ್ಲಾಡಿಸಿ ತೊಳೆಯಬೇಕು. ಅದರಲ್ಲಿ ನೀರು ಬೇಗ ಬರುತ್ತದೆ, ಆದರೆ ಬಗ್ಗಡ ನೀರಿಗೆ ಬೇಗ ಕಟ್ಟಿಕೊಳ್ಳುತ್ತದೆ. ಯಾವುದನ್ನೇ ಕೊಂಡರೂ ಅದರ ತಿರುಪು ನಿಮ್ಮ ಬಾಟಲಿಗೆ ಕೂರುತ್ತದೆಯಾ ಅಂತ ಮನೆಯಲ್ಲೇ ನೋಡಿ. ಜೊತೆಗೆ ಬರುವ ಚೀಲ ಜೋರಾಗಿ ಹಿಂಡಿದರೆ ಹೊಲಿಗೆಯಲ್ಲಿ ಬಿಡುತ್ತದೆ. ಆಗ ತಂಪು ಪಾನೀಯದ ಒಂದು ಲೀಟರ್ ಬಾಟಲಿ ಕೈ ಹಿಡಿಯುತ್ತದೆ.

ಸ್ಟ್ರಾ ಬೇಡ. ಅದು ಕೆಟ್ಟದ್ದು ಅಂತ ಅಲ್ಲ. ಒಬ್ಬರೇ ಇದ್ದು, ಆಪತ್ತಿಗೆ ಇರಲಿ ಅಂತ ಇಟ್ಟುಕೊಂಡರೆ ಸರಿ. ಆದರೆ ಪ್ರತಿ ಗುಟುಕಿಗೂ ಹಳ್ಳದ ಅಂಚಿನಲ್ಲಿ ಬೋರಲು ಮಲಗಬೇಕು. ಅಡುಗೆಗೆ ನೀರು ತುಂಬಲು ಬರುವುದಿಲ್ಲ. ಮುಂದಿನ ಮೂರು ಗಂಟೆ ನೀರಿಲ್ಲದ ಏರಿಗೆ ಹೊತ್ತೊಯ್ಯಲೂ ಬರುವುದಿಲ್ಲ. ಕುಮಾರಪರ್ವತದಲ್ಲಿ ನಿಮಗೆ ಬೇಕಾದದ್ದೇ ಹೊತ್ತೊಯ್ಯುವ ನೀರು.

ಟೊಳ್ಳು ಎಳೆಯ ಫಿಲ್ಟರಿಗೆ ಒಂದು ದೊಡ್ಡ ಶತ್ರು ಇದೆ: ಹಿಮ. ಒಮ್ಮೆ ಬಳಸಿದ ಮೇಲೆ ಎಳೆಗಳೊಳಗೆ ನೀರು ಉಳಿದೇ ಇರುತ್ತದೆ, ಎಷ್ಟು ಕೊಡವಿದರೂ ಪೂರ್ತಿ ಹೋಗುವುದಿಲ್ಲ. ಅದು ಹೆಪ್ಪುಗಟ್ಟಿದರೆ ಹಿಗ್ಗಿ ಎಳೆಗಳನ್ನು ಸೀಳುತ್ತದೆ. ಹೊರಗಿನಿಂದ ಫಿಲ್ಟರ್ ಹೊಸದರ ಹಾಗೇ ಕಾಣುತ್ತದೆ. ನೀರೂ ಬರುತ್ತದೆ, ಮೊದಲಿಗಿಂತ ಸಲೀಸಾಗಿ ಬರುತ್ತದೆ! ಒಂದು ಡಿಸೆಂಬರ್‌ನಲ್ಲಿ ಉತ್ತರಾಖಂಡದಲ್ಲಿ ನಾವು ಆರು ಜನ ಇದ್ದೆವು. ಫಿಲ್ಟರನ್ನು ರಾತ್ರಿ ಟೆಂಟಿನ ಹೊರಗಿನ ಮಡಿಕೆಯಲ್ಲಿ ಬಿಟ್ಟಿದ್ದು ನಾನೇ. ಬೆಳಗ್ಗೆ ಅದು ಕಲ್ಲಾಗಿತ್ತು. ಬಿಸಿಲಿಗೆ ಇಟ್ಟು ಕರಗಿಸಿ ಎರಡು ದಿನ ಬಳಸಿದೆವು. ಆರರಲ್ಲಿ ನಾಲ್ಕು ಜನಕ್ಕೆ ಹೊಟ್ಟೆ ಕೆಟ್ಟಿತು. ನನ್ನ ಜೊತೆ ಬಂದವರು ನನ್ನನ್ನು ನಂಬಿ ಆ ನೀರು ಕುಡಿದಿದ್ದರು. ಅವತ್ತಿನಿಂದ ಫಿಲ್ಟರ್ ನನ್ನ ಸ್ಲೀಪಿಂಗ್ ಬ್ಯಾಗಿನೊಳಗೆ, ಜಿಪ್ ಕವರಿನಲ್ಲಿ, ಹೊಟ್ಟೆಯ ಪಕ್ಕದಲ್ಲೇ ಮಲಗುತ್ತದೆ. ಹೆಪ್ಪುಗಟ್ಟಿತು ಅಂತ ಅನುಮಾನ ಬಂದರೂ ಸಾಕು, ಅದನ್ನು ಎಸೆದು ಹೊಸದು ಕೊಳ್ಳುತ್ತೇನೆ. ಆಗಸ್ಟ್‌ನಲ್ಲಿ ಹಂಪ್ತಾ ಕೆಳಗಿನ ಕ್ಯಾಂಪ್‌ಗಳಲ್ಲಿ ಅಷ್ಟು ಚಳಿ ಇರುವುದಿಲ್ಲ. ಆದರೂ ಪಾಸ್ ಹತ್ತಿರದ ಕ್ಯಾಂಪಿನ ರಾತ್ರಿಯನ್ನು ನಂಬಬೇಡಿ.

ಎಳೆ ಸೀಳಿದೆಯಾ ಅಂತ ನೋಡಲು ಒಂದು ಸುಲಭ ಪರೀಕ್ಷೆ ಇದೆ. ಫಿಲ್ಟರನ್ನು ಚೆನ್ನಾಗಿ ನೆನೆಸಿ. ಶುದ್ಧ ನೀರು ಬರುವ ಬಾಯಿಗೆ ತುಟಿ ಇಟ್ಟು ಊದಿ. ಒದ್ದೆಯಾದ ಸೂಕ್ಷ್ಮ ತೂತುಗಳು ನೀರನ್ನು ಬಿಗಿಯಾಗಿ ಹಿಡಿದಿರುತ್ತವೆ, ನಿಮ್ಮ ಉಸಿರಿಗೆ ಜಗ್ಗುವುದಿಲ್ಲ. ಗಾಳಿ ಒಂದಿಷ್ಟೂ ಹೋಗಬಾರದು. ಇನ್ನೊಂದು ತುದಿಯನ್ನು ನೀರಿನಲ್ಲಿ ಅದ್ದಿ ಊದಿದಾಗ ಗುಳ್ಳೆಗಳ ಸಾಲು ಎದ್ದರೆ ಫಿಲ್ಟರ್ ಹೋಗಿದೆ ಅಂತಲೇ ಅರ್ಥ. ಕಲ್ಲಿನ ಮೇಲೆ ಜೋರಾಗಿ ಬಿದ್ದಾಗಲೂ ಈ ಪರೀಕ್ಷೆ ಮಾಡಿ.

ಫಿಲ್ಟರ್ ಬಿಟ್ಟ ವೈರಸ್‌ಗೆ ಏನು ಮಾಡುವುದು? ಇಲ್ಲಿ ಕ್ಲೋರಿನ್ ಮಾತ್ರೆ ಬರುತ್ತದೆ. ವೈರಸ್ ಮತ್ತು ಬ್ಯಾಕ್ಟೀರಿಯಾಗಳನ್ನು ಅದು ಅರ್ಧ ಗಂಟೆಯಲ್ಲಿ ಕೊಲ್ಲುತ್ತದೆ. ಜಿಯಾರ್ಡಿಯಾಗೆ ಇನ್ನೂ ಹೆಚ್ಚು ಹೊತ್ತು ಬೇಕು. ಕ್ರಿಪ್ಟೊಸ್ಪೊರಿಡಿಯಂ ಮಾತ್ರ ಅದಕ್ಕೆ ಬಗ್ಗುವುದೇ ಇಲ್ಲ, ಅದರ ಚಿಪ್ಪು ಅಷ್ಟು ಗಟ್ಟಿ. ಆದರೆ ಅದು ಕುಂಬಳಕಾಯಿ ಗಾತ್ರದ್ದು, ಫಿಲ್ಟರ್ ಆಗಲೇ ಹಿಡಿದಿರುತ್ತದೆ. ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತದೆ. ದುಬಾರಿ ಯಂತ್ರ ಮಾಡುವ ಕೆಲಸವನ್ನು ಕಡಿಮೆ ಖರ್ಚಿನ ಈ ಜೋಡಿ ಮಾಡುತ್ತದೆ. ಮೊದಲು ಫಿಲ್ಟರ್, ಆಮೇಲೆ ಮಾತ್ರೆ. ಈ ಕ್ರಮ ತಪ್ಪಬಾರದು. ಬಗ್ಗಡ ನೀರಿಗೆ ಮಾತ್ರೆ ಹಾಕಿದರೆ ಅದರ ಶಕ್ತಿಯೆಲ್ಲ ಕೆಸರಿಗೇ ಖರ್ಚಾಗುತ್ತದೆ.

ಮಾತ್ರೆಯಲ್ಲಿ ಜನ ಮಾಡುವ ತಪ್ಪುಗಳನ್ನು ಹೇಳಿಬಿಡುತ್ತೇನೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಮಾತ್ರೆಗಳು ಬೇರೆಬೇರೆ ಬಲದವು. ಕೆಲವು ಒಂದು ಲೀಟರಿಗೆ, ಕೆಲವು ಇಡೀ 20 ಲೀಟರ್ ಕ್ಯಾನಿಗೆ. ಪಟ್ಟಿಯ ಹಿಂದೆ ಬರೆದಿರುತ್ತದೆ, ಓದಿ ಕೊಳ್ಳಿ. 20 ಲೀಟರಿನದನ್ನು ಮುರಿದು ಅಂದಾಜಿಗೆ ಹಾಕುವ ಸಾಹಸ ಬೇಡ. ಅರ್ಧ ಗಂಟೆ ಅಂದರೆ ಅರ್ಧ ಗಂಟೆ, ಬಾಯಾರಿಕೆ ಎಷ್ಟೇ ಇರಲಿ. ಹಿಮ ಕರಗಿದ ನೀರಿಗೆ ಒಂದು ಗಂಟೆ ಬಿಡಿ, ತಣ್ಣಗಿದ್ದಷ್ಟೂ ಕ್ಲೋರಿನ್ ನಿಧಾನ. ಇನ್ನೊಂದು ತಪ್ಪು ತುಂಬಾ ಜನಕ್ಕೆ ಗೊತ್ತೇ ಇಲ್ಲ. ಮಾತ್ರೆ ಹಾಕಿದ ಕೂಡಲೇ ವಾಸನೆ ಬರುತ್ತದೆ ಅಂತ ನಿಂಬೆ ಪಾನಕದ ಪುಡಿ ಸುರಿಯುತ್ತಾರೆ. ಅದರಲ್ಲಿರುವ ವಿಟಮಿನ್ ಸಿ ಕ್ಲೋರಿನ್ನನ್ನು ಅಲ್ಲೇ ತಟಸ್ಥ ಮಾಡುತ್ತದೆ. ರೋಗಾಣು ಬದುಕಿಕೊಳ್ಳುತ್ತದೆ. ನಿಂಬೆ, ಗ್ಲೂಕೋಸ್, ಓಆರ್‌ಎಸ್ ಏನೇ ಇರಲಿ, ಹೊತ್ತು ಮುಗಿದ ಮೇಲೆ ಹಾಕಿ. ಆಗ ಅದೇ ನಿಂಬೆ ವಾಸನೆಯನ್ನೂ ತೆಗೆಯುತ್ತದೆ.

ನಿಮ್ಮ ಥೈರಾಯ್ಡ್ ಸ್ನೇಹಿತೆಗೆ ಕ್ಲೋರಿನ್ ಮಾತ್ರೆಯಿಂದ ತೊಂದರೆ ಇಲ್ಲ. ಅವರಿಗೆ ಬೇಡದ್ದು ಅಯೋಡಿನ್. ಹಳೆಯ ಚಾರಣಿಗರು ಅಯೋಡಿನ್ ಮಾತ್ರೆ, ಟಿಂಚರ್ ಹನಿ ಅಂತ ಹೇಳುತ್ತಾರೆ. ಥೈರಾಯ್ಡ್ ಇದ್ದವರು, ಬಸುರಿಯರು ಅದನ್ನು ಬಳಸಬಾರದು. ಉಳಿದವರಿಗೂ ದಿನಗಟ್ಟಲೆ ಒಳ್ಳೆಯದಲ್ಲ. ಕೊಳ್ಳುವಾಗ ಪಟ್ಟಿಯ ಮೇಲೆ ಅಯೋಡಿನ್ ಅಂತ ಇದ್ದರೆ ವಾಪಸ್ ಇಡಿ. ಕ್ಲೋರಿನ್ ಡಯಾಕ್ಸೈಡ್ ಎಂಬ ಇನ್ನೊಂದು ಬಗೆಯ ಮಾತ್ರೆ ಇದೆ. ಅದು ಕ್ರಿಪ್ಟೊಸ್ಪೊರಿಡಿಯಂ ಅನ್ನೂ ಕೊಲ್ಲುತ್ತದೆ, ಆದರೆ ನಾಲ್ಕು ಗಂಟೆ ಬೇಕು. ರಾತ್ರಿ ಹಾಕಿಟ್ಟು ಬೆಳಗ್ಗೆ ಕುಡಿಯಲು ಚೆನ್ನ. ಫಿಲ್ಟರ್ ಒಡೆದರೆ ಇರಲಿ ಅಂತ ಹಂಪ್ತಾಗೆ ಹತ್ತು ಮಾತ್ರೆ ಒಯ್ಯಬಹುದು.

ಅತಿನೇರಳೆ ಬೆಳಕಿನಿಂದ ರೋಗಾಣು ಕೊಲ್ಲುವ ಯುವಿ ಪೆನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಟೆರಿಪೆನ್‌ನಂಥದ್ದು ಒಂದು ಲೀಟರ್ ತಿಳಿ ನೀರನ್ನು 90 ಸೆಕೆಂಡಿನಲ್ಲಿ ಶುದ್ಧ ಮಾಡುತ್ತದೆ, ವೈರಸ್ ಸಮೇತ. ನೀರು ಮಸುಕಾಗಿದ್ದರೆ ಬೆಳಕು ಒಳಗೆ ಹೋಗುವುದಿಲ್ಲ. ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ, ಬಿದ್ದರೆ ದೀಪ ಒಡೆಯುತ್ತದೆ. ಹೋಟೆಲ್, ಹೋಮ್‌ಸ್ಟೇ ಪ್ರವಾಸಕ್ಕೆ ಒಳ್ಳೆಯ ಸಂಗಾತಿ. ಐದು ಜನರ ಬೆಟ್ಟದ ತಂಡಕ್ಕೆ ಅದೊಂದನ್ನೇ ನೆಚ್ಚಬೇಡಿ. ಹಾಗೆಯೇ ಗ್ರೇಲ್ ಜಿಯೋಪ್ರೆಸ್ ಎಂಬ ಒತ್ತುವ ಬಾಟಲಿ ಇದೆ. ಕಾಫಿ ಫಿಲ್ಟರಿನ ಹಾಗೆ ಮೇಲಿನಿಂದ ಒತ್ತಿದರೆ ಮುಕ್ಕಾಲು ಲೀಟರಿನಷ್ಟು ನೀರು ಕೆಲವೇ ಸೆಕೆಂಡಿನಲ್ಲಿ ಸಿದ್ಧ, ವೈರಸ್ಸೂ ಹೋಗುತ್ತದೆ. ಆದರೆ ತೂಕ ಸುಮಾರು 450 ಗ್ರಾಂ. ಒಳಗಿನ ಕಾರ್ಟ್ರಿಜ್ 250 ಲೀಟರಿಗೆ ಮುಗಿಯುತ್ತದೆ, ಇಲ್ಲಿ ಹೊಸದು ಸಿಗುವುದು ಕಷ್ಟ, ಬೆಲೆಯೂ ಜಾಸ್ತಿ. ಒಬ್ಬರೇ ಓಡಾಡುವವರಿಗೆ ದುಡ್ಡಿದ್ದರೆ ಸರಿ. ಎಂಎಸ್‌ಆರ್ ಗಾರ್ಡಿಯನ್ ಪಂಪ್ 0.02 ಮೈಕ್ರಾನಿನದು, ರಾಗಿಯನ್ನೂ ಹಿಡಿಯುತ್ತದೆ, ಬಹಳ ಗಟ್ಟಿಮುಟ್ಟು. ತಿಂಗಳುಗಟ್ಟಲೆ ಕ್ಯಾಂಪ್ ನಡೆಸುವವರಿಗೆ ಅಷ್ಟು ಹಣ ಹಾಕುವುದರಲ್ಲಿ ಅರ್ಥ ಇದೆ.

ಇವೆಲ್ಲಕ್ಕಿಂತ ಹಳೆಯದು, ಇವೆಲ್ಲಕ್ಕಿಂತ ನಂಬಿಕಸ್ಥ ಉಪಾಯ ಕುದಿಸುವುದು. ಮೂರೂ ಗಾತ್ರದವು ಸಾಯುತ್ತವೆ. ನೀರು ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. 2,000 ಮೀಟರಿಗಿಂತ ಮೇಲೆ ಮೂರು ನಿಮಿಷ. ಯಾಕೆ ಅಂದರೆ ಮೇಲೆ ಹೋದ ಹಾಗೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ, ಸರಿಸುಮಾರು 300 ಮೀಟರಿಗೆ ಒಂದು ಡಿಗ್ರಿ ಲೆಕ್ಕ. 3,600 ಮೀಟರ್ ಎತ್ತರದ ಕ್ಯಾಂಪಿನಲ್ಲಿ ಅದು 88 ಡಿಗ್ರಿ ಹತ್ತಿರ. ಅಲ್ಲಿ ಬೇಳೆ ಬೇಯುವುದಿಲ್ಲ ಅಂತ ಅಡುಗೆಯವರು ಗೊಣಗುವುದು ಇದಕ್ಕೇ. ಬೇಳೆ ಬೇಯದಿದ್ದರೂ ರೋಗಾಣು ಸಾಯುತ್ತದೆ, ಅದಕ್ಕೆ 70 ಡಿಗ್ರಿಯೇ ಹೆಚ್ಚು. ಕುದಿಸುವುದರ ತೊಂದರೆ ಗ್ಯಾಸ್ ಮತ್ತು ಸಮಯ. ಹಾಗಾಗಿ ರಾತ್ರಿ ಕ್ಯಾಂಪಿನಲ್ಲಿ ಒಲೆ ಹೇಗೂ ಉರಿಯುವಾಗ ಮರುದಿನ ಬೆಳಗ್ಗಿನ ನೀರನ್ನೂ ಕುದಿಸಿಟ್ಟುಬಿಡಿ. ಆ ಬಿಸಿ ಬಾಟಲಿಯನ್ನು ಕಾಲ ಬುಡದಲ್ಲಿ ಇಟ್ಟುಕೊಂಡು ಮಲಗಿದರೆ ಅದರ ಸುಖವೇ ಬೇರೆ.

ಹಳೆಯ ಹತ್ತಿ ಬಟ್ಟೆ ಯಾಕೆ ಅಂತ ಕೇಳಬಹುದು. ನಮ್ಮ ಉತ್ತರ ಕರ್ನಾಟಕದ ಹಿರಿಯರಿಗೆ ನಾರುಹುಣ್ಣು ನೆನಪಿರುತ್ತದೆ. ಮೆಟ್ಟಿಲು ಬಾವಿಗೆ ಇಳಿದು ನೀರು ತುಂಬುತ್ತಿದ್ದ ಕಾಲದಲ್ಲಿ, ನೀರಿನೊಳಗಿನ ಸೈಕ್ಲಾಪ್ಸ್ ಎಂಬ ಪುಟ್ಟ ಜೀವಿಯ ಮೂಲಕ ಆ ಹುಳು ಮೈಸೇರುತ್ತಿತ್ತು. ಆಮೇಲೆ ಕಾಲಿನಿಂದ ನೂಲಿನ ಹಾಗೆ ಹೊರಬರುತ್ತಿತ್ತು. ಅದನ್ನು ದೇಶದಿಂದ ಓಡಿಸಿದ್ದರಲ್ಲಿ ಬಟ್ಟೆಯಲ್ಲಿ ನೀರು ಸೋಸುವ ಅಭ್ಯಾಸಕ್ಕೆ ದೊಡ್ಡ ಪಾಲಿದೆ. 2000ದಲ್ಲಿ ಭಾರತ ನಾರುಹುಣ್ಣು ಮುಕ್ತ ಎಂದು ಘೋಷಣೆಯಾಯಿತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಪದರ ಮಡಿಸಿ ಸೋಸಿದಾಗ ಕಾಲರಾ ಹತ್ತಿರಹತ್ತಿರ ಅರ್ಧಕ್ಕೆ ಇಳಿದದ್ದು 2003ರ ಒಂದು ಅಧ್ಯಯನದಲ್ಲಿ ದಾಖಲಾಗಿದೆ. ಕಾಲರಾ ಬ್ಯಾಕ್ಟೀರಿಯಾ ಸಣ್ಣ ಜಲಜೀವಿಗಳಿಗೆ ಅಂಟಿಕೊಂಡಿರುವುದರಿಂದ ಹೀಗೆ. ಬಟ್ಟೆ ಫಿಲ್ಟರಿಗೆ ಬದಲಿ ಆಗುವುದಿಲ್ಲ. ಆದರೆ ಎಲೆಚೂರು, ಮರಳು, ಉಂಬಳದ ಮರಿ ಎಲ್ಲವನ್ನೂ ಅದು ಹಿಡಿದರೆ ನಿಮ್ಮ ಫಿಲ್ಟರಿನ ಆಯುಷ್ಯ ಹೆಚ್ಚುತ್ತದೆ. ಹೊಸ ಬಟ್ಟೆಗಿಂತ ತುಂಬಾ ಸಲ ಒಗೆದ ಪಂಚೆ ಅಥವಾ ಸೀರೆ ಒಳ್ಳೆಯದು, ನೂಲು ಉಬ್ಬಿ ಸಂದು ಕಿರಿದಾಗಿರುತ್ತದೆ. ನಾಲ್ಕು ಪದರ ಮಡಿಸಿ.

ಹಂಪ್ತಾದಲ್ಲಿ ನಿಮಗೆ ಸಿಗುವ ತೊಂದರೆ ಬೇರೆ. ಹಿಮನದಿಯಿಂದ ಇಳಿಯುವ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೂದುಬಿಳಿ ಇರುತ್ತದೆ. ಅದು ಬಂಡೆ ಅರೆದ ಹಿಟ್ಟು. ಬಟ್ಟೆಗೂ ಸಿಗುವುದಿಲ್ಲ, ಫಿಲ್ಟರನ್ನು ಒಂದೇ ದಿನದಲ್ಲಿ ಕಟ್ಟಿಸುತ್ತದೆ. ದೊಡ್ಡ ಹೊಳೆಯ ನೀರು ಬಿಟ್ಟು ಪಕ್ಕದಿಂದ ಸೇರುವ ತಿಳಿ ತೊರೆ ಹುಡುಕಿ. ಮಧ್ಯಾಹ್ನಕ್ಕಿಂತ ಬೆಳಗ್ಗೆ ನೀರು ತಿಳಿ, ಯಾಕೆಂದರೆ ರಾತ್ರಿ ಹಿಮ ಕರಗುವುದು ಕಡಿಮೆ. ಬೇರೆ ದಾರಿ ಇಲ್ಲದಿದ್ದರೆ ಪಾತ್ರೆಯಲ್ಲಿ ತುಂಬಿ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಮೇಲಿನ ತಿಳಿಯನ್ನು ಅಲುಗಿಸದೆ ಬಸಿದುಕೊಳ್ಳಿ. ಹಳ್ಳಿಮನೆಗಳಲ್ಲಿ ಬಳಸುವ ಪಟಿಕವನ್ನು ನೀರಿನಲ್ಲಿ ನಾಲ್ಕು ಸುತ್ತು ತಿರುಗಿಸಿದರೆ ಬೇಗ ತಿಳಿಯಾಗುತ್ತದೆ. ಸುಪಾರಿಯಷ್ಟು ದೊಡ್ಡ ತುಂಡು ಸಾಕು.

ಕುಮಾರಪರ್ವತಕ್ಕೆ ಬರೋಣ. ಕುಕ್ಕೆಯಿಂದ ಹತ್ತಿದರೆ ದಾರಿಯಲ್ಲಿ ಸಿಗುವ ಭಟ್ಟರ ಮನೆಯಲ್ಲಿ ನೀರು ತುಂಬಿಕೊಳ್ಳಬಹುದು. ಮುಂದೆ ಕಲ್ಲು ಮಂಟಪದ ಹತ್ತಿರ ನೀರು ಸಿಗುತ್ತದೆ. ಅಲ್ಲಿಂದ ಶೇಷಪರ್ವತದ ಬೋಳು ಏರಿನಲ್ಲಿ ನೀರಿನ ಭರವಸೆ ಇಟ್ಟುಕೊಳ್ಳಬೇಡಿ. ಮಂಟಪ ಬಿಡುವಾಗ ತಲಾ ಎರಡೂವರೆ ಮೂರು ಲೀಟರ್ ಇರಲೇಬೇಕು. ಡಿಸೆಂಬರ್ ಕೊನೆಗೆ ಒರತೆ ಸಣ್ಣದಾಗುತ್ತದೆ, ಜನ ಅಷ್ಟೇ ಇರುತ್ತಾರೆ. ಅದೇ ಪುಟ್ಟ ಗುಂಡಿಯಲ್ಲಿ ಎಲ್ಲರೂ ಕೈ, ಚೊಂಬು ಅದ್ದುತ್ತಾರೆ. ಇಲ್ಲಿ ಫಿಲ್ಟರ್ ಜೊತೆ ಮಾತ್ರೆ ಖಂಡಿತ ಬೇಕು. ಮಂಟಪದಲ್ಲಿ ಮಾತ್ರೆ ಹಾಕಿ ನಡೆಯಲು ಶುರು ಮಾಡಿದರೆ ಮೊದಲ ದಣಿವಿಗೆ ನೀರು ಸಿದ್ಧ ಇರುತ್ತದೆ.

ಸೋಮವಾರಪೇಟೆ ಕಡೆಯಿಂದ ಹತ್ತುವುದಾದರೆ ಇನ್ನೊಂದು ಎಚ್ಚರ ಬೇಕು. ಅಲ್ಲಿ ಕೆಳಗೆ ಕಾಫಿ ತೋಟಗಳಿವೆ. ಡಿಸೆಂಬರ್ ಅಂದರೆ ಕಾಫಿ ಕೊಯ್ಲು, ಪಲ್ಪಿಂಗ್ ಕಾಲ, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆಯುವ ಕಾಲ. ತೋಟದ ಕೆಳಗಿನ ಹಳ್ಳದ ನೀರು ಕಂದು ಬಣ್ಣ, ಹುಳಿ ವಾಸನೆ ಇದ್ದರೆ ಮುಟ್ಟಬೇಡಿ. ಔಷಧಿ ಸಿಂಪಡಿಸಿದ ತೋಟದ ನೀರೂ ಹಾಗೆಯೇ. ನೀರಿನಲ್ಲಿ ಕರಗಿದ ರಾಸಾಯನಿಕವನ್ನು ಹಿಂಡುವ ಫಿಲ್ಟರ್ ತಡೆಯುವುದಿಲ್ಲ, ಮಾತ್ರೆ ತಡೆಯುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಇದ್ದಿಲು ಇರುವ ಫಿಲ್ಟರ್ ಸ್ವಲ್ಪ ಮಟ್ಟಿಗೆ ಹಿಡಿಯುತ್ತದೆ, ಆದರೆ ಎಷ್ಟು ಅಂತ ಬೆಟ್ಟದ ಮೇಲೆ ನಿಂತು ಯಾರೂ ಹೇಳಲಾರರು. ಪಾವಗಡ, ಕೋಲಾರದ ಕಡೆಯ ಬೋರ್‌ವೆಲ್ ಫ್ಲೋರೈಡ್‌ಗೂ ಇದೇ ಮಾತು. ಬಯಲುಸೀಮೆಯ ಬೆಟ್ಟಗಳಿಗೆ ಹೋಗುವಾಗ ಮನೆಯಿಂದಲೇ ನೀರು ಹೊತ್ತೊಯ್ಯಿರಿ.

99.99% ಬಗ್ಗೆ ಕೇಳಿದ್ದಿರಿ. ಒಂದು ಲೀಟರಿನಲ್ಲಿ 10 ಲಕ್ಷ ಬ್ಯಾಕ್ಟೀರಿಯಾ ಇದ್ದರೆ, 99.99% ತೆಗೆದ ಮೇಲೂ 100 ಉಳಿಯುತ್ತವೆ. 99.9999% ತೆಗೆದರೆ ಒಂದು ಉಳಿಯುತ್ತದೆ. ಎರಡು ಒಂಬತ್ತು ಹೆಚ್ಚಾದರೆ ಇಷ್ಟು ವ್ಯತ್ಯಾಸ. ಅಮೆರಿಕದ ಪರಿಸರ ಸಂಸ್ಥೆ ಇಪಿಎ 1987ರಲ್ಲಿ ಒಂದು ಅಳತೆ ಕೊಟ್ಟಿತು. ಬ್ಯಾಕ್ಟೀರಿಯಾ 99.9999%, ವೈರಸ್ 99.99%, ಜಿಯಾರ್ಡಿಯಾದಂಥವು 99.9% ಹೋದರೆ ಮಾತ್ರ ಅದನ್ನು ಪ್ಯೂರಿಫೈಯರ್ ಅನ್ನಬಹುದು. ನಮ್ಮ ಅಂಗಡಿಗಳಲ್ಲಿ ಫಿಲ್ಟರ್, ಪ್ಯೂರಿಫೈಯರ್ ಎರಡೂ ಪದಗಳನ್ನು ಹೇಗೆಂದರೆ ಹಾಗೆ ಬಳಸುತ್ತಾರೆ. ಆದ್ದರಿಂದ ಡಬ್ಬಿಯ ಮೇಲೆ ಶೇಕಡಾ ಎಷ್ಟು ಅಂತ ನೋಡುವ ಜೊತೆಗೆ ಯಾವುದರ ಶೇಕಡಾ ಅಂತ ನೋಡಿ. ವೈರಸ್ ಅನ್ನುವ ಪದವೇ ಇಲ್ಲದಿದ್ದರೆ ಅದು ವೈರಸ್ ತಡೆಯುವುದಿಲ್ಲ. ತೂತಿನ ಅಳತೆಯ ಪಕ್ಕ "ಅಬ್ಸಲ್ಯೂಟ್" ಅಂತ ಇದ್ದರೆ ಅದಕ್ಕಿಂತ ದೊಡ್ಡ ತೂತು ಇಲ್ಲ ಅಂತ ಅರ್ಥ. "ನಾಮಿನಲ್" ಅಂತ ಇದ್ದರೆ ಸರಾಸರಿ ಅಷ್ಟೇ, ಬಿಟ್ಟುಬಿಡಿ. ತೀರಾ ಕಡಿಮೆ ಬೆಲೆಗೆ ಸಿಗುವ, ತಯಾರಕರ ಹೆಸರೇ ಸರಿಯಾಗಿ ಇಲ್ಲದ ಸ್ಟ್ರಾಗಳನ್ನು ನಾನಂತೂ ಮುಟ್ಟುವುದಿಲ್ಲ.

ಕೊಂಡ ಮೇಲೆ ಒಂದು ಭಾನುವಾರ ಮನೆಯಲ್ಲೇ ಬಳಸಿ ನೋಡಿ. ಎರಡು ಬಾಟಲಿ ಬೇರೆ ಇಡಿ: ಕೊಳೆ ನೀರಿಗೆ ಒಂದು, ಕುಡಿಯುವುದಕ್ಕೆ ಒಂದು. ಕೊಳೆ ಬಾಟಲಿಗೆ ಕೆಂಪು ದಾರ ಕಟ್ಟಿ, ಕತ್ತಲೆಯಲ್ಲೂ ಗೊತ್ತಾಗಲಿ. ಮಾತ್ರೆ ಹಾಕಿದ ಬಾಟಲಿಯ ಮುಚ್ಚಳ ಸ್ವಲ್ಪ ಸಡಿಲಿಸಿ, ಬೋರಲು ಹಿಡಿದು, ಆ ನೀರನ್ನು ತಿರುಪಿನ ಮೇಲೂ ಹರಿಯಬಿಡಿ. ಇಲ್ಲದಿದ್ದರೆ ತುಟಿ ತಾಗುವ ಜಾಗದಲ್ಲೇ ಹಳ್ಳದ ನೀರು ಕೂತಿರುತ್ತದೆ. ಮತ್ತೆ ಸೋಪು ಮರೆಯಬೇಡಿ. ನೀರಿನ ಮೇಲೆ ಗೂಬೆ ಕೂರಿಸುವ ಎಷ್ಟೋ ಹೊಟ್ಟೆನೋವು ನಿಜವಾಗಿ ಬಂದಿರುವುದು ತೊಳೆಯದ ಕೈಯಿಂದ. ಒಬ್ಬರ ಕೈ ಚುರುಮುರಿ ಪೊಟ್ಟಣಕ್ಕೆ ಹೋದರೆ ಐದೂ ಜನಕ್ಕೆ ಬಂತು. ಶೌಚಕ್ಕೆ ಹಳ್ಳದಿಂದ ಕನಿಷ್ಠ 60 ಮೀಟರ್ ದೂರ ಹೋಗಿ, ಗೇಣುದ್ದ ಗುಂಡಿ ತೋಡಿ ಮುಚ್ಚಿ. ನಿಮ್ಮ ಕೆಳಗೂ ಯಾರೋ ಬಾಟಲಿ ತುಂಬುತ್ತಿರುತ್ತಾರೆ.

ಊರಿಗೆ ಬಂದ ಮೇಲೆ ಫಿಲ್ಟರನ್ನು ಹಿಂದಕ್ಕೆ ನೀರು ಹಾಯಿಸಿ ತೊಳೆಯಿರಿ. ಕೊನೆಯ ಸಲ ಕ್ಲೋರಿನ್ ಮಾತ್ರೆಯ ನೀರು ಹಾಯಿಸಿ, ನೆರಳಿನಲ್ಲಿ ಪೂರ್ತಿ ಒಣಗಿಸಿ ಎತ್ತಿಡಿ. ಒದ್ದೆ ಫಿಲ್ಟರ್ ಕಪಾಟಿನಲ್ಲಿ ಬೂಸ್ಟು ಹಿಡಿಯುತ್ತದೆ.

ಚಾರಣ ಮುಗಿಸಿ ಬಂದು ಆರಾಮವಾಗಿದ್ದೀರಿ ಅಂತಿಟ್ಟುಕೊಳ್ಳಿ. ಜಿಯಾರ್ಡಿಯಾ ತೊಂದರೆ ಕೊಡುವುದು ಒಂದೆರಡು ವಾರ ಬಿಟ್ಟು: ಹೊಟ್ಟೆಯುಬ್ಬರ, ಕೊಳೆತ ಮೊಟ್ಟೆಯ ತೇಗು, ಜಿಡ್ಡಿನ ಭೇದಿ. ಇಲಿಜ್ವರ ಸಾಮಾನ್ಯವಾಗಿ ಎರಡು ವಾರದೊಳಗೆ ಮೈಕೈ ನೋವಿನ ಜ್ವರವಾಗಿ ಬರುತ್ತದೆ. ಹೆಪಟೈಟಿಸ್ ಇ ಕಾಣಿಸಿಕೊಳ್ಳಲು ಐದಾರು ವಾರವೂ ಹಿಡಿಯಬಹುದು. ಅಷ್ಟರಲ್ಲಿ ಬೆಟ್ಟದ ನೆನಪೇ ಮಸುಕಾಗಿರುತ್ತದೆ, ಡಾಕ್ಟರ ಮುಂದೆ ಹೇಳಲು ಮರೆಯುತ್ತೀರಿ. ಆದ್ದರಿಂದ ಯಾವ ದಿನ ಎಲ್ಲಿ ನೀರು ತುಂಬಿದಿರಿ ಅಂತ ಮೊಬೈಲಿನಲ್ಲಿ ಎರಡು ಸಾಲು ಬರೆದಿಟ್ಟುಕೊಳ್ಳಿ. ಜ್ವರ ಬಂದರೆ, ಕಣ್ಣು ಹಳದಿಯಾದರೆ, ಅದನ್ನು ತೋರಿಸಿ.